ಅರ್ಥ ಆಯ್ತು ಎಂದ ಮಕ್ಕಳು

ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳಲ್ಲಿ ಮೂರು ಬಗೆಯಂತೆ. ಶಿಕ್ಷಕರ ತರಬೇತಿಯಲ್ಲಿ ಹೇಳಿದರು. ನನಗೆ ಅಷ್ಟು ಸಾಕಾಯಿತು. ಇಷ್ಟು ವರ್ಷ ಗಣಿತವನ್ನು ಬರೀ ಬೋರ್ಡಿನ ಮೇಲೆ ಕಲಿಸಿ ಎಷ್ಟು ಮಕ್ಕಳನ್ನು ಹಾಳು ಮಾಡಿದೆನೋ ಎಂಬ ಚಿಂತೆ ಹತ್ತಿತು. ಚಿಂತೆಗೆ ನನ್ನಲ್ಲಿ ಯಾವತ್ತೂ ಜಾಗವಿದೆ.

ಮಾರನೆಯ ವಾರದಿಂದ ಹತ್ತನೇ ತರಗತಿಗೆ ಬಣ್ಣದ ಕಾಗದ, ತೆಂಗಿನ ಕಡ್ಡಿ, ಹಗ್ಗ. ವೃತ್ತದ ಪಾಠಕ್ಕಂತೂ ಬೀಜಾಡಿಯ ಕಡಲ ಬದಿಯ ಮರಳಿಗೇ ಕರೆದೊಯ್ದೆ. ಗೂಟಕ್ಕೆ ಹಗ್ಗ ಕಟ್ಟಿ ಹೊಯ್ಗೆಯಲ್ಲಿ ವೃತ್ತ ಎಳೆಸಿದೆ, ಅದಕ್ಕೆ ಸ್ಪರ್ಶಕ ಎಳೆಸಿದೆ.

"ಅರ್ಥ ಆಯ್ತಾ?"

"ಆಯ್ತ್ ಟೀಚರ್!"

ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಅದೇ ತರಗತಿಯಲ್ಲಿದ್ದ ನನ್ನ ಮಗಳು.

ಕಿರುಪರೀಕ್ಷೆಯಲ್ಲಿ ಅಂಕ ಇಳಿಯಿತು. ಹೆಡ್‌ಮಾಸ್ಟ್ರು ಕರೆದರು. "ಟೀಚರೇ, ಪಬ್ಲಿಕ್ ಪರೀಕ್ಷೆ ಬರೆವುದ್ ಎಲ್ಲಿ, ಹೊಯ್ಗಿ ಮೇಲಾ? ಹೀಂಗೇ ಆರೆ ಈ ಕ್ಲಾಸ್ ಬೇರೆಯವ್ರಿಗೆ ಕೊಡ್ಕಾತ್ತ್."

"ಮಕ್ಳನ್ನೇ ಕೇಣಿ ಸರ್" ಎಂದೆ. ಜೀವಮಾನದಲ್ಲಿ ನಾನು ಚಿಂತೆ ಮಾಡದೆ ಆಡಿದ ಮಾತು ಅದೊಂದೇ ಇರಬೇಕು.

ಅವರು ತರಗತಿಗೇ ಬಂದು, ಪಾಠ ಹೇಗೆ ಮಾಡಬೇಕು ಎಂದು ಕೇಳಿದರು. ಎದ್ದು ನಿಂತವಳು ನನ್ನ ಮಗಳು.

"ಬೋರ್ಡ್ ಮೇಲೆ ಲೆಕ್ಕ ಮಾಡ್ಸಿ ನೋಟ್ಸ್ ಕೊಟ್ರೆ ಸಾಕ್ ಸರ್."

ಉಳಿದವರೆಲ್ಲ ತಲೆಯಾಡಿಸಿದರು. ಆ ತರಗತಿ ಅಲ್ಲೇ ನನ್ನ ಕೈತಪ್ಪಿ ಬೇರೆಯವರಿಗೆ ಹೋಯಿತು.

ಸಂಜೆ ಸ್ಕೂಟರಿನಲ್ಲಿ ಅವಳು ನನ್ನ ಹಿಂದೆ ಕೂತಿದ್ದಳು. ಕೋಟೇಶ್ವರ ದಾಟುವವರೆಗೆ ತಡೆದುಕೊಂಡೆ.

"ಬೀಜಾಡಿಗ್ ಹೋದಾಗ ಅಷ್ಟ್ ಖುಷಿ ಎಂತಕೆ ಇದ್ದಿತ್ ನಿಮ್ಗೆ?"

"ಕಡಲಿಗ್ ಕರ್ಕಂಡ್ ಹೋರೆ ಯಾರಿಗ್ ಖುಷಿ ಆತಿಲ್ಲೆ ಅಮ್ಮ?"

"ಮತ್ತೆ ಅರ್ಥ ಆಯ್ತ್ ಅಂದದ್ದ್?"

"ಇಲ್ಲೆ ಅಂದ್ರೆ ನಿನ್ ಮೋರೆ ಸಣ್ಣ ಆತ್ತಲೆ. ಮನಿಗ್ ಬಂದ್ ತಲೆಬಿಸಿ ಮಾಡ್ಕಂತೆ. ಅದ್ಕೆ ನಾನೇ ಎಲ್ರಿಗೂ ಹೇಳಿದ್ದೆ, ಆಯ್ತ್ ಅನ್ನಿ ಅಂದೇಳಿ."

ತರಗತಿ ಹೋದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ನಾನು ಮಕ್ಕಳ ಬಗೆ ಹುಡುಕುತ್ತ ಓಡಾಡುತ್ತಿದ್ದಾಗ, ಅವರು ನನ್ನ ಬಗೆ ಯಾವುದೆಂದು ಕಂಡುಕೊಂಡು, ಕೂಸನ್ನು ಸಂತೈಸಿದ ಹಾಗೆ ಸಂತೈಸುತ್ತಿದ್ದರು. ಅದನ್ನು ಕಲಿಸಿಕೊಟ್ಟವಳು ನನ್ನದೇ ಮಗಳು. ಅವಳು ಒಳ್ಳೆಯ ಟೀಚರ್ ಆದಾಳು. ಅವಳು ಹೇಳಿದ್ದು ಎಲ್ಲರಿಗೂ ಅರ್ಥವಾಗಿತ್ತು.

"ಅಮ್ಮ, ನಮ್ ಓಣಿ ಹಿಂದೆ ಹೋಯ್ತ್" ಎಂದಳು.

ನಾನು ಸ್ಕೂಟರ್ ನಿಲ್ಲಿಸಿ, ಇದಾದರೂ ಹೌದೋ ಅಲ್ಲವೋ ಎಂದು ತಿರುಗಿ ನೋಡಿದೆ.