ಗಂಡನ ಹೆಸರು ಕೂಗಿದ ಅಜ್ಜಿ

ನಮ್ಮ ಮನೆತನದ ಚರಿತ್ರೆ ನನಗೆ ಪೂರ್ತಿ ಗೊತ್ತಿದೆ ಎಂದುಕೊಂಡೇ ನಾನು ನಲವತ್ತರ ಹತ್ತಿರ ಬಂದಿದ್ದೆ. ಅಮ್ಮನ ಅಪ್ಪ ಉಡುಪಿ ಕಡೆಯಿಂದ ಮುಂಬಯಿಗೆ ಬಂದರು, ದಾದರಿನ ಹೋಟೆಲೊಂದರಲ್ಲಿ ಅಡುಗೆಗೆ ಸೇರಿದರು, ಆಮೇಲೆ ಹೆಂಡತಿ ಮಗಳನ್ನು ಕರೆಸಿಕೊಂಡರು. ಲೋಕಲ್ ರೈಲು ಒಂದು ಸ್ಟೇಷನ್ ದಾಟುವುದರೊಳಗೆ ಹೇಳಿ ಮುಗಿಸಬಹುದಾದ ಚರಿತ್ರೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅಮ್ಮ ಗೋರೆಗಾಂವ್‌ನ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಳು. ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಒಂದು ಭಾನುವಾರ ನನ್ನ ಮಗಳು ಸುಮನಾ ಅವಳ ಕಾಲೊತ್ತುತ್ತ, "ಅಜ್ಜಿ, ನಿಮ್ಮ ಮಮ್ಮಿ ಕೈಸೀ ಥೀ?" ಎಂದು, ಅವರು ಹೇಗಿದ್ದರೆಂದು ಕೇಳಿದಳು. ಅಮ್ಮ ದಿಂಬಿಗೊರಗಿ ಶುರುಮಾಡಿದಳು. ಸುಮನಾಳಿಗೆ ಕನ್ನಡ ಅರ್ಧ ಮಾತ್ರ ತಿಳಿಯುತ್ತಿದ್ದುದರಿಂದ ಉಳಿದರ್ಧಕ್ಕೆ ನಾನು ದುಭಾಷಿಯಾದೆ. ಪುರಾಣ ಕೇಳುವವರ ನಡುವೆ ದುಭಾಷಿ ಇದ್ದದ್ದನ್ನು ನಾನಂತೂ ಎಲ್ಲೂ ಕೇಳಿಲ್ಲ.

ಅಜ್ಜ ಯಾರನ್ನೂ ಕರೆಸಿಕೊಂಡಿರಲೇ ಇಲ್ಲವಂತೆ! ಕಾದ ಎಣ್ಣೆ ಬಿದ್ದು ಬಲಗೈ ಸೊಟ್ಟಗಾದ ಮೇಲೆ, ಊರಿಗೆ ಹೇಗೆ ಮುಖ ತೋರಿಸಲಿ ಎಂದು ನಾಚಿ ಸುದ್ದಿ ಕಳಿಸುವುದನ್ನೇ ನಿಲ್ಲಿಸಿದ್ದರು. ಅಜ್ಜಿ ಪುಟ್ಟ ಅಮ್ಮನ ಕೈ ಹಿಡಿದು ಮಂಗಳೂರಿನಲ್ಲಿ ಹಡಗು ಹತ್ತಿದಳು. ದಾದರಿಗೆ ಬಂದರೆ ಹೊಸ ಕಷ್ಟ. ಗಂಡನ ಹೆಸರು ಹೇಳುವಂತಿಲ್ಲ, ಹೇಳದೆ ವಿಚಾರಿಸುವುದು ಹೇಗೆ? ಹೋಟೆಲುಗಳ ಹಿಂಬಾಗಿಲಲ್ಲಿ ಇಣುಕಿ ಇಣುಕಿ ಸುಸ್ತಾಗಿ, ಕೊನೆಗೊಂದು ಕಡೆ ಆ ಹೆಸರನ್ನು ಹೇಳಿಯೇಬಿಟ್ಟಳು.

ನಾನು ಹಿಂದಿಯಲ್ಲಿ, "ಮೆಲ್ಲಗೆ ಕರೆದಳು" ಎಂದೆ.

"ಮೆಲ್ಲಗೆ ಎಂತದು ಮಾರಾಯ! ಬೀದಿಗೆ ಕೇಳೋ ಹಾಗೆ ಕೂಗಿದ್ಲು. ನಾನೇ ಅಲ್ಲಿದ್ದೆ. ಸರಿ ಹೇಳು" ಎಂದು ಅಮ್ಮ ಗದರಿಸಿದಳು.

ಅಜ್ಜ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹೊರಗೆ ಬಂದರು. ಅಜ್ಜಿ ಅದನ್ನು ಎಳೆದು ನೋಡಿ, "ರುಬ್ಲಿಕ್ಕೆ ನನ್ನ ಕೈ ಉಂಟಲ್ಲ" ಎಂದಳು. ಮರುದಿನದಿಂದ ಆ ಹೋಟೆಲಿನ ಹಿಟ್ಟು ರುಬ್ಬಿದವಳು ಅವಳೇ. ನಾವು ಮುಂಬಯಿಯವರಾದದ್ದು ಹಾಗೆ.

"ನಂಗೆ ಯಾಕೆ ಹೇಳ್ಲಿಲ್ಲಮ್ಮಾ?"

"ಹೇಳ್ಬೇಡ ಅಂತ ನನ್ನಪ್ಪ ಕೇಳ್ಕೊಂಡಿದ್ರು, ಪಾಪ. ಇನ್ನೂ ಇಟ್ಕೊಂಡ್ರೆ ನನ್ನೊಟ್ಟಿಗೇ ಹೋಗ್ತದೆ."

ಮುಂದಿನ ವಾರ ಅಮ್ಮ ಹೋದಳು. ಅಷ್ಟು ಕೊಟ್ಟು ಹೋದವಳನ್ನು ನೆನೆದರೆ ದುಃಖಕ್ಕಿಂತ ಕೃತಜ್ಞತೆಯೇ ಮುಂದೆ ಬಂದು ನಿಲ್ಲುತ್ತಿತ್ತು. ಮಾತಾಡಿಸಲು ಬಂದ ಪಕ್ಕದ ಮನೆಯ ಮರಾಠಿ ಹೆಂಗಸಿಗೆ ಸುಮನಾ ಇದೇ ಕತೆ ಹೇಳುತ್ತಿದ್ದಳು. ಅವಳ ಮರಾಠಿಯಲ್ಲಿ ನನ್ನ ಅಜ್ಜಿ ಗಂಡನಿಗೆ ಚೆನ್ನಾಗಿ ಬೈಯುತ್ತಿದ್ದಳು.

"ಬೈದಳು ಅಂತ ಅಮ್ಮ ಹೇಳಲಿಲ್ಲವಲ್ಲೇ?" ಎಂದೆ.

"ಬೈದಿರ್ತಾರೆ ಪಪ್ಪಾ. ಅಜ್ಜಿ ಆಪ್ಕೋ ನಹೀ ಬತಾಯೀ, ನಿಮಗೆ ಹೇಳಿಲ್ಲ ಅಷ್ಟೇ."

ಪಕ್ಕದ ಮನೆಯಾಕೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಮಗ್? ಮುಂದೇನಾಯ್ತು?" ಎಂದು ಮರಾಠಿಯಲ್ಲಿ ಕೇಳಿದರು. ನಾನೂ ಬಾಯಿ ಮುಚ್ಚಿಕೊಂಡು ಕೇಳಲು ಕೂತೆ.