ಚಹಾಕ್ಕೆ ಮೊದಲು ಬಾಗಿಲು ತಟ್ಟುವ ಮೈಲಮ್ಮ

ಬೆಳಗಿನ ಐದೂ ಮುಕ್ಕಾಲು. ತೆಲಂಗಾಣದ ಮಕ್ತಲ್‌ನಿಂದ ನಾರ್ವ ಕಡೆ ಹೋಗುವ ರಸ್ತೆಯ ಒಂದು ಹಳ್ಳಿ. ಒಲೆಗಳು ಆಗಷ್ಟೇ ಹೊತ್ತಿಕೊಳ್ಳುತ್ತಿವೆ. ಹೆಗಲಿಗೆ ಚೀಲ ಹಾಕಿಕೊಂಡ ಮೈಲಮ್ಮ ಬಿರಬಿರನೆ ನಡೆಯುತ್ತಾರೆ. ಚಹಾ ಕುದಿಯುವ ಮೊದಲು ಆರು ಮನೆ ಮುಟ್ಟಬೇಕು. ಒಂದು ಗುಟುಕು ಒಳಗೆ ಹೋದರೂ ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಆ ದಿನಕ್ಕೆ ಮುಗಿದಂತೆ. ಅದು ಊರಿಗೂ ಗೊತ್ತು.

"ಚಾ ಆತ್ರಿ ನರ್ಸಮ್ಮ," ಎನ್ನುತ್ತಾನೆ ಎರಡನೇ ಮನೆಯ ಆಟೊ ಚಾಲಕ, ಕಟ್ಟೆಯಿಂದ ಏಳದೆ.

"ಬೇವಿನಕಡ್ಡಿ ಇನ್ನಾ ಬಾಯಾಗೇ ಐತಿ. ಚಾ ಎಲ್ಲಿಂದ ಕುಡದಿ, ಕಿವ್ಯಾಗಿಂದೇನು?"

ಒಳಗಿನಿಂದ ಹೆಂಡತಿಯ ನಗು ಕೇಳಿಸುತ್ತದೆ. ಆತ ಬೆರಳು ಚಾಚುತ್ತಾನೆ. ಯಂತ್ರ 214 ತೋರಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಅದು ನೂರರೊಳಗೆ ಇರಬೇಕಿತ್ತು.

ಆತನಿಗೆ ಮೂವತ್ತೆಂಟು. ಹತ್ತು ವರ್ಷದ ಹಿಂದಿನವರೆಗೆ ಕುರಿಗಳ ಹಿಂದೆ ದಿನವಿಡೀ ನಡೆಯುತ್ತಿದ್ದ. ಕುರಿ ಮಾರಿದ, ಆಟೊ ಬಂತು. ಜೋಳದ ರೊಟ್ಟಿಯ ಜಾಗದಲ್ಲಿ ಮೂರು ಹೊತ್ತೂ ಅನ್ನ. ಸ್ಟ್ಯಾಂಡಿನಲ್ಲಿ ಸವಾರಿಗೆ ಕಾಯುತ್ತ ಏಳೆಂಟು ಸಲ ಸಕ್ಕರೆ ಚಹಾ. "ಮೊದಲ ಕುರಿ ನಿನ್ನ ಅಡ್ಡಾಡಸ್ತಿದ್ವು. ಈಗ ನಿನ್ನ ಅಡ್ಡಾಡಸಾಕ ನಾನೇ ಬರಬೇಕು," ಎನ್ನುತ್ತ ಮೈಲಮ್ಮ ಅಂಕಿ ಬರೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಹಿಂದೆಯೇ ಬಾಗಿಲು ಮುಚ್ಚುತ್ತದೆ.

ಮೈಲಮ್ಮ ಆರೋಗ್ಯ ಉಪಕೇಂದ್ರದ ದಾದಿ, ಗುತ್ತಿಗೆ ನೌಕರಿ. ವಯಸ್ಸು ನಲವತ್ತೊಂಬತ್ತು. ಊರು ಗದ್ವಾಲ್ ಕಡೆಯ ಒಂದು ಹಳ್ಳಿ, ಕುರುಬರ ಮನೆತನ. ಇಪ್ಪತ್ನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತರಬೇತಿ ಮುಗಿಸಿ, 2005ರಲ್ಲಿ ಇಲ್ಲಿಗೆ ಬಂದರು. ಮಕ್ಕಳಿಲ್ಲ. ಉಪಕೇಂದ್ರದ ಹಿಂದಿನ ಕೋಣೆಯೇ ಮನೆ. ಅವರ ಪಾಲಿಗೆ ಮೂರು ಹಳ್ಳಿ, ಒಂದು ತಾಂಡಾ. ಮೂವತ್ತು ದಾಟಿದವರು 1,870 ಮಂದಿ. ಅವರಲ್ಲಿ ಸಕ್ಕರೆ ಕಾಯಿಲೆ ಗೊತ್ತಾಗಿರುವುದು 143 ಮಂದಿಗೆ. ಊರಿನ ಹೆಸರು ಹಾಕುವುದು ಬೇಡ ಎನ್ನುತ್ತಾರೆ. "ಸಕ್ಕರಿ ಇರೋ ಊರು ಅಂದ್ರ ಹುಡುಗ್ಯಾರ ಸಂಬಂಧ ತಪ್ತಾವ್ರಿ."

ಊರವರು ಅವರನ್ನು ಬೈಯುವುದಿಲ್ಲ, ತಪ್ಪಿಸಿಕೊಳ್ಳುತ್ತಾರೆ. ಮದುವೆಗೆ ಕರೆ ಬರುತ್ತದೆ. ಪಂಕ್ತಿಯಲ್ಲಿ ಅವರ ಮಗ್ಗುಲಿನ ಎಲೆ ಮಾತ್ರ ಖಾಲಿ ಉಳಿಯುತ್ತದೆ. ಎರಡನೇ ಹೋಳಿಗೆ ಹಾಕಿಸಿಕೊಳ್ಳುವಾಗ ಪಕ್ಕದಲ್ಲಿ ನರ್ಸಮ್ಮ ಇರುವುದು ಯಾರಿಗೆ ಬೇಕು? "ಬಡಿಸೋರು ಆ ಎಲಿ ತೆಗದು ಮುಂದಕ್ಕ ಹೋಗ್ತಾರ. ರೂಢಿ ಆಗೈತಿ," ಎಂದು ಮೈಲಮ್ಮ ಚೀಲದ ಪಟ್ಟಿ ಸರಿಪಡಿಸಿಕೊಳ್ಳುತ್ತಾರೆ.

ಅವರ ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷದ ನೋಟುಪುಸ್ತಕಗಳಿವೆ. ಪುಟ ತುಂಬ ಹುಟ್ಟಿದ ಕೂಸುಗಳ ತೂಕ. ಮೊದಲ ಪುಟದ ಮೊದಲ ಹೆಸರು ರಜಿತಾ: ಒಂದು ಕಿಲೋ ಎಂಟುನೂರು ಗ್ರಾಂ. ತಾಯಿ ಪುಣೆ ಕಡೆ ಮಣ್ಣು ಹೊರುತ್ತ ಬಸುರಿನ ಏಳು ತಿಂಗಳು ಕಳೆದು ಊರಿಗೆ ಮರಳಿದ್ದಳು. ಕೂಸು ಉಳಿಯಲಿಕ್ಕಿಲ್ಲ ಎಂದಿದ್ದರು ಊರವರು. ಮೈಲಮ್ಮ ಹಟ ಹಿಡಿದರು. ಎದೆಹಾಲು ಬಿಟ್ಟ ಮೇಲೆ ಬಿಸ್ಕಿಟ್, ಸಕ್ಕರೆ ಹಾಕಿದ ಹಾಲು, ತುಪ್ಪದ ಉಂಡೆ ಎಂದು ತಾಯಿಗೆ ಹೇಳಿಕೊಟ್ಟರು. ಮೂರು ವರ್ಷಕ್ಕೆ ಹುಡುಗಿ ಗುಂಡಗಾಗಿ, ಅಂಗನವಾಡಿಯ ಆರೋಗ್ಯವಂತ ಮಗುವಿನ ಸ್ಪರ್ಧೆಯಲ್ಲಿ ಒಂದು ದೊಡ್ಡ ಸ್ಟೀಲ್ ಲೋಟ ಗೆದ್ದಳು. ಅವತ್ತು ಅವಳನ್ನು ಎತ್ತಿಕೊಂಡು ಊರೆಲ್ಲ ತಿರುಗಿದವರು ಮೈಲಮ್ಮನೇ.

ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿ, ಆಮೇಲೆ ಬೇಗ ಮೈ ತುಂಬಿಕೊಂಡವರಿಗೆ ಮುಂದೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು ಎಂಬುದು ಮೈಲಮ್ಮನಿಗೆ ತಿಳಿದದ್ದು ಎಷ್ಟೋ ವರ್ಷದ ನಂತರ, ನಾರಾಯಣಪೇಟೆಯ ಒಂದು ತರಬೇತಿಯಲ್ಲಿ. ಗರ್ಭದಲ್ಲಿ ಕೊರತೆಗೆ ಒಗ್ಗಿದ ಮೈಗೆ ಆಮೇಲಿನ ಹೇರಳ ಭಾರವಾಗುತ್ತದೆ. ಹಾಗೆಂದು ಕಾಯಿಲೆ ಬಂದೇ ಬರುತ್ತದೆಂದಲ್ಲ. ಊಟ, ನಡಿಗೆ ಸರಿಯಿದ್ದರೆ ದೂರ ಇಡಬಹುದು. "ಅವತ್ತು ಬಸ್‌ನ್ಯಾಗ ಬರೋವಾಗ ಆ ಲೋಟಾನೇ ಕಣ್ಮುಂದ ಬಂತ್ರಿ," ಎನ್ನುತ್ತಾರೆ. "ಹಸದ ಕೂಸಿಗೆ ಉಣಸಬೇಕಿತ್ತು, ಖರೇ. ಆದ್ರ ಬಿಸ್ಕಿಟ್ ಹೇಳಿದಾಕಿ ನಾನೇ."

ರಜಿತಾ ಈಗ ಇಪ್ಪತ್ತು ವರ್ಷದ ಬಸುರಿ, ಕೊಟ್ಟಿರುವುದೂ ಇದೇ ಊರಿಗೆ. ಇಪ್ಪತ್ನಾಲ್ಕರಿಂದ ಇಪ್ಪತ್ತೆಂಟನೇ ವಾರದೊಳಗೆ ಗ್ಲೂಕೋಸ್ ಕುಡಿಸಿ ರಕ್ತ ನೋಡಬೇಕು. ತಾಯಿಗೆ ಸಕ್ಕರೆ ಏರಿದ್ದು ಗೊತ್ತಾಗದೆ ಹೋದರೆ ಅಪಾಯ ಹೊಟ್ಟೆಯ ಕೂಸಿಗೂ ದಾಟುತ್ತದೆ. ಎರಡು ಸಲ ಹೋದಾಗಲೂ ಅತ್ತೆ ಬಾಗಿಲಲ್ಲೇ ತಡೆದರು.

"ಮೈಕೈ ತುಂಬ್ಕೊಂಡು ಚೆಂದಾಗಿ ಅದಾಳ. ಏಂ ಕಾದಮ್ಮಾ, ಏನೂ ಆಗಂಗಿಲ್ಲ. ಸುಮ್ನ ಸಕ್ಕರಿ ಅಂತ ಹೆಸರ ಹಚ್ಚಬ್ಯಾಡ್ರಿ, ನಂದಿನ್ನಾ ಒಂದು ಮದುವಿ ಹುಡುಗಿ ಐತಿ."

ಇಪ್ಪತ್ತೇಳನೇ ವಾರ ಮೂರನೇ ಸಲ ಹೋದ ಮೈಲಮ್ಮ ವಾದಿಸಲಿಲ್ಲ. ಕಟ್ಟೆಯ ಮೇಲೆ ಕುಳಿತು ನೋಟುಪುಸ್ತಕದ ಮೊದಲ ಪುಟ ತೆರೆದು, ಅತ್ತೆಯ ಎದುರಿಗೇ ರಜಿತಾಳಿಗೆ ಹೇಳಿದರು: "ಇದು ನಿನ್ನ ತೂಕ. ಆಮ್ಯಾಗ ಬಿಸ್ಕಿಟ್, ಸಕ್ಕರಿ ಉಣಸು ಅಂತ ನಿಮ್ಮವ್ವಗ ಹೇಳಿದ್ದು ನನ್ನ ತಪ್ಪು. ನಿನ್ನ ಕೂಸಿನ ವಿಷಯದಾಗ ನನ್ನ ಮತ್ತ ತಪ್ಪು ಮಾಡಾಕ ಬಿಡಬ್ಯಾಡವ್ವ."

ರಜಿತಾ ಒಳಗೆ ಹೋಗಿ ಗ್ಲೂಕೋಸ್ ಕಲಸಲು ಒಂದು ಲೋಟ ತಂದಳು. ಅದೇ ಸ್ಟೀಲ್ ಲೋಟ. ಅತ್ತೆ ಮುಖ ತಿರುಗಿಸಿಕೊಂಡರು, ತಡೆಯಲಿಲ್ಲ.

ಗ್ಲೂಕೋಸ್ ಕುಡಿದ ಮೇಲೆ ಎರಡು ತಾಸು ಕಾಯಬೇಕು. ಇಬ್ಬರೂ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತರು. "ಎರಡು ತಾಸು ನನ್ನ ಮಗ್ಗಲದಾಗ ಯಾರಾರ ಕುಂತಿದ್ದು ಯಾವಾಗ ಅಂತ ನೆನಪು ಮಾಡ್ಕೊಂಡೆ. ಸಿಗಲಿಲ್ಲ," ಎನ್ನುತ್ತಾರೆ ಮೈಲಮ್ಮ. ಫಲಿತಾಂಶ 156. ನೂರ ನಲವತ್ತು ಮುಟ್ಟಿದರೇ ಎಚ್ಚರಿಕೆಯ ಗಂಟೆ.

ಮಕ್ತಲ್‌ನ ವೈದ್ಯರು ಊಟ, ನಡಿಗೆಯ ಕ್ರಮ ಬರೆದುಕೊಟ್ಟರು. ಒಂದು ಹೊತ್ತಿನ ಅನ್ನಕ್ಕೆ ಬದಲು ರೊಟ್ಟಿ, ಸಂಜೆ ಕಾಲುವೆಯವರೆಗೆ ನಡಿಗೆ. ಎರಡು ವಾರದ ನಂತರ ಊಟವಾಗಿ ಎರಡು ತಾಸಿಗೆ 112, ಇರಬೇಕಾದ ನೂರಿಪ್ಪತ್ತರೊಳಗೆ. ಈ ಬರಹದಲ್ಲಿ ತನ್ನ ಹೆಸರು ಬರಲಿ ಎಂದು ಇಡೀ ಊರಿನಲ್ಲಿ ಒಪ್ಪಿದವಳು ರಜಿತಾ ಒಬ್ಬಳೇ. "ಲಪೂಟ್ ಮಾಡೋದೇನೈತ್ರಿ, ಮುಚ್ಚಿಡೋದೇನೈತಿ," ಎನ್ನುತ್ತಾಳೆ. "ಮುಚ್ಚಿಟ್ಟಿದ್ರ ನನಗೂ ತಿಳೀತಿರಲಿಲ್ಲ."

ಅವಳಿಗೀಗ ದಿನ ತುಂಬುತ್ತಿವೆ. ಮೈಲಮ್ಮನ ಹೊಸ ಪುಸ್ತಕದಲ್ಲಿ ಅವಳ ಕೂಸಿನ ತೂಕಕ್ಕೆಂದು ಒಂದು ಸಾಲು ಖಾಲಿ ಇದೆ. ಏನಾದರೂ ಬೇಕು ಎನಿಸುತ್ತದೆಯೇ ಎಂದು ಕೇಳಿದರೆ, ನೌಕರಿ ಕಾಯಂ ಆಗಲಿ ಎಂಬ ಮಾತು ಅವರ ಬಾಯಿಂದ ಬರುವುದಿಲ್ಲ. ಆ ಖಾಲಿ ಸಾಲಿನ ಮೇಲೆ ಬೆರಳಾಡಿಸುತ್ತಾರೆ.

"ಕೂಸು ಎರಡೂ ಮುಕ್ಕಾಲು ಕಿಲೋ ತೂಗಿದ್ರ ಸಾಕ್ರಿ. ಮತ್ತ ತೊಟ್ಟಿಲದಾಗ ಹಾಕೋ ದಿನ ಆ ಮನ್ಯಾಗ ಒಂದೂಟ. ಯಾರಾರ ನನ್ನ ಮಗ್ಗಲಕ್ಕ ಕುಂದರ್ಲಿ. ಎರಡನೇ ಹೋಳಗಿ ಹಾಕಿಸ್ಕೊಂಡ್ರೂ ಅವತ್ತೊಂದಿನ ನಾ ಏನೂ ಅನ್ನಂಗಿಲ್ಲ."