ಮೇನಕೆ ಮಗುವನ್ನು ಬಿಡಲಿಲ್ಲ

ಅಪ್ಸರೆಯರ ಮೇಲೆ ನನಗೆ ಮೊದಲಿನಿಂದಲೂ ಕನಿಕರ, ಅವರ ಕಥೆ ಹೇಳುವವರ ಮೇಲೆ ಸಿಟ್ಟು. ತನ್ನ ಸಿಂಹಾಸನ ಹೋದೀತೆಂದು ಹೆದರಿ ಮೇನಕೆಯನ್ನು ಭೂಮಿಗೆ ಕಳಿಸುವವನು ಇಂದ್ರ. ತಪಸ್ಸು ಕೆಡಿಸಿಕೊಂಡ ಋಷಿ ಕೈತೊಳೆದುಕೊಂಡು ಮತ್ತೆ ತಪಸ್ಸಿಗೆ ಕೂರುತ್ತಾನೆ. ಹೆತ್ತ ಮಗುವನ್ನು ಕಾಡಿನಲ್ಲಿ ಬಿಟ್ಟು ಹೋದವಳು ಎಂಬ ಕೆಟ್ಟ ಹೆಸರು ಮಾತ್ರ ಮೇನಕೆಗೆ. ನಮ್ಮ ಆಫೀಸಿನ ವರ್ಗಾವಣೆ ಆದೇಶದ ಹಾಗೆ ಅದು, ಬೇಡ ಎನ್ನಲು ಅವಳಿಗೆಲ್ಲಿತ್ತು ಅವಕಾಶ?

ಇಷ್ಟು ಸಿಟ್ಟಾಗಲು ಕಾರಣವಿದೆ. ಮಗಳು ಎಂಟು ತಿಂಗಳ ಕೂಸಾಗಿದ್ದಾಗ ನನಗೆ ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಗಂಡ ಸೂರತ್ತಿನಲ್ಲಿದ್ದರು. ವಡೋದರಾದ ಫತೇಗಂಜ್‌ನಲ್ಲಿ ಉಡುಪಿ ಹೋಟೆಲು ನಡೆಸುವ ಅಪ್ಪ ಅಮ್ಮನ ಬಳಿ ಅವಳನ್ನು ಬಿಟ್ಟೆ. ಶನಿವಾರ ಸಂಜೆ ಬರುತ್ತಿದ್ದೆ, ಸೋಮವಾರ ಬೆಳಿಗ್ಗೆ ರೈಲು ಹತ್ತುತ್ತಿದ್ದೆ. ನಾಲ್ಕು ವರ್ಷ ಹೀಗೇ ನಡೆಯಿತು. ನಿನ್ನ ಅಮ್ಮ ಎಲ್ಲಿ ಎಂದು ಕನ್ನಡದ ಗಿರಾಕಿಗಳು ಕೇಳಿದರೆ ಹೇಳಲೆಂದು ನನ್ನ ಅಮ್ಮ ಅವಳಿಗೊಂದು ಉತ್ತರ ಕಲಿಸಿದ್ದರಂತೆ. ಅವಳ ಬಾಯಲ್ಲಿ ಅದನ್ನು ನಾನು ಕೇಳಿರಲಿಲ್ಲ. ನೆಂಟರು ಆಡಿಕೊಂಡದ್ದೆಲ್ಲ ಕಿವಿಗೆ ಬಿದ್ದಿದೆ, ಮಗಳ ಮನಸ್ಸಿನಲ್ಲಿ ಏನಿದೆ ಎಂದು ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಈಗ ಅವಳಿಗೆ ಹದಿನಾರು.

ಕಳೆದ ವರ್ಷ ಅಹಮದಾಬಾದಿನಲ್ಲಿ ನಾವು ಕನ್ನಡದವರೆಲ್ಲ ಸೇರಿ ಯಕ್ಷಗಾನ ಆಡಿದೆವು. ಶಕುಂತಲೆ ಹುಟ್ಟಿದ ಕಥೆ. ಹೇಳಿಕೊಡಲು ಬಂದವರು ಅಪ್ಪ, ಪ್ರಾಯದಲ್ಲಿ ಊರಿನ ಮೇಳದಲ್ಲಿ ಸ್ತ್ರೀವೇಷ ಮಾಡಿದವರು. ಮೇನಕೆಯ ಪಾತ್ರ ನನ್ನ ಪಾಲಿಗೆ ಬಂತು. ಯಕ್ಷಗಾನದಲ್ಲಿ ಪದ ಹಾಡುವುದು ಭಾಗವತರು, ಮಾತನ್ನು ವೇಷಧಾರಿ ಅಲ್ಲೇ ಹುಟ್ಟಿಸಿಕೊಂಡು ಆಡಬೇಕು. ಅದು ನನಗೆ ಕಷ್ಟವಾಗಲಿಲ್ಲ. ಇಂದ್ರನಾಗಿದ್ದ ಬ್ಯಾಂಕಿನವರಿಗೆ ಅಭ್ಯಾಸದಲ್ಲೇ ಬೆವರಿಳಿಸಿದೆ. ಕಷ್ಟವಾದದ್ದು ಮಗುವನ್ನು ಬಿಟ್ಟು ಹೋಗುವ ಜಾಗ. ಅಪ್ಪನ ಹಳೆಯ ಪಂಚೆಯನ್ನು ಸುತ್ತಿ ಮಾಡಿದ ಮಗು ಅದು.

"ಮಲಗಿಸಿದ ಮೇಲೆ ತಿರುಗಿ ನೋಡ್ಬಾರ್ದು," ಎಂದರು ಅಪ್ಪ.

"ಎಂತಕ್ಕೆ? ಹೆತ್ತವಳಲ್ವಾ ಅವಳು?"

"ನೋಡಿದ್ರೆ ಹೋಗ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಸೋಮವಾರ ನೀನು ನೋಡ್ತಿದ್ದಿಯಾ?"

ನೋಡುತ್ತಿರಲಿಲ್ಲ.

ಆಟದ ದಿನ ಭಾಗವತರು ಪದ ಎತ್ತಿದರು. ಮಗುವನ್ನು ನೆಲದ ಮೇಲೆ ಮಲಗಿಸಿ ನಾಲ್ಕು ಹೆಜ್ಜೆ ಹೋದೆ. ತಿರುಗಿ ನೋಡಿಯೇಬಿಟ್ಟೆ. ಆಮೇಲೆ ಏನಾಯಿತೋ, ಓಡಿ ಬಂದು ಅದನ್ನು ಎತ್ತಿ ಎದೆಗವಚಿಕೊಂಡು ಪರದೆಯ ಹಿಂದೆ ಹೋಗಿ ನಿಂತೆ.

ಅಷ್ಟರಲ್ಲಿ ಮಗುವನ್ನು ಕಂಡು ಸಾಕಬೇಕಾದ ಕಣ್ವ ಋಷಿಯ ಪ್ರವೇಶ ಆಗಿಹೋಗಿತ್ತು. ವೇಷ ಹಾಕಿದವರು ವಟ್ವಾದ ಬಣ್ಣದ ಕಾರ್ಖಾನೆಯ ಕೆಮಿಸ್ಟ್, ಪಾಪ, ಸಾಧು ಮನುಷ್ಯ. "ಎಲ್ಲಿಂದಲೋ ಶಿಶುವಿನ ರೋದನ ಕೇಳಿಬರುತ್ತಿದೆಯಲ್ಲ" ಎನ್ನುತ್ತ ಬರಿ ನೆಲ ಹುಡುಕಿಕೊಂಡು ಒಂದು ಸುತ್ತು ಬಂದರು. ಎರಡನೇ ಸುತ್ತಿಗೆ ಸಭೆಯಲ್ಲಿ ನಗು ಶುರುವಾಯಿತು.

ವೇಷ ಕಟ್ಟಲು ನೆರವಾಗುತ್ತಿದ್ದ ಮಗಳು ಪರದೆಯ ಹಿಂದೆ ನನ್ನ ಪಕ್ಕದಲ್ಲೇ ಇದ್ದಳು. ಅವಳ ಕನ್ನಡ ಅಷ್ಟಕ್ಕಷ್ಟೇ, ಅಜ್ಜನ ಹತ್ತಿರವೂ ಅರ್ಧ ಗುಜರಾತಿ.

"ಕೊಡು ಅಮ್ಮ," ಎಂದಳು. ನಾನು ಕೊಡಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಗುವನ್ನು ತೆಗೆದುಕೊಂಡು, ಜೀನ್ಸ್ ಪ್ಯಾಂಟಿನಲ್ಲೇ ರಂಗಕ್ಕೆ ಹೋಗಿ ಕಣ್ವರ ಕೈಯಲ್ಲಿಟ್ಟಳು.

ಕಣ್ವರು ತಬ್ಬಿಬ್ಬಾದರು. "ಇದರ ತಾಯಿ ಎಲ್ಲಮ್ಮಾ?"

"ಅಮ್ಮ ಕೆಲಸಕ್ಕೆ ಹೋಗಿದ್ದಾರೆ. ಶನಿವಾರ ಬರ್ತಾರೆ."

ಒಂದೂ ತಪ್ಪಿಲ್ಲದ ಕನ್ನಡ. ಮೂರು ವರ್ಷದ ಮಗುವಿನ ರಾಗ ಕೂಡ ಹಾಗೇ ಉಳಿದಿತ್ತು. ಸಭೆ ಚಪ್ಪಾಳೆ ತಟ್ಟುತ್ತಿತ್ತು. ನಾನು ಅಲ್ಲೇ ವೇಷದ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

ಅವಳು ಒಳಗೆ ಬಂದಳು. ಇನ್ನು ಕೇಳದಿದ್ದರೆ ಯಾವತ್ತೂ ಕೇಳುವುದಿಲ್ಲ ಎನಿಸಿತು.

"ನನ್ನ ಮೇಲೆ ನಿಂಗೆ ಸಿಟ್ಟಿರ್ಲಿಲ್ವಾ?"

ನನ್ನ ಕೆನ್ನೆಯ ಮೇಲೆ ಇಳಿಯುತ್ತಿದ್ದ ಬಣ್ಣವನ್ನು ಅವಳು ತನ್ನ ತೋಳಿನಿಂದ ಒರೆಸಿದಳು.

"ಇತ್ತು," ಎಂದಳು. "ಸೋಮವಾರ ಮಾತ್ರ."